ಟೆರೇಸಿನ ಆಕಾಶಕ್ಕೆ ಎಷ್ಟು ಪಿಕ್ಸೆಲ್ ಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲ ಮುಗಿದು ಮುಂಬಯಿಯ ಆಕಾಶ ತಿಳಿಯಾಯಿತೆಂದರೆ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಸೊಸೈಟಿಗಳ ಟೆರೇಸಿನಲ್ಲಿ ದೂರದರ್ಶಕಗಳು ತಲೆ ಎತ್ತುತ್ತವೆ. ಸೆಕ್ರೆಟರಿಯಿಂದ ಟೆರೇಸಿನ ಬೀಗದ ಕೈ ಗಿಟ್ಟಿಸುವುದೇ ಅರ್ಧ ಕೆಲಸ, ಆ ಮಾತು ಬಿಡಿ. ನಕ್ಷತ್ರಗಳ ಫೋಟೊ ತೆಗೆಯಬೇಕು ಅಂತ ಕ್ಯಾಮೆರಾ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಎಷ್ಟು ಮೆಗಾಪಿಕ್ಸೆಲ್ ಎಂದು. ವಿಚಾರಿಸಬೇಕಾದದ್ದು ಬೇರೆಯೇ ಇದೆ: ಆ ಕ್ಯಾಮೆರಾದ ಒಂದೊಂದು ಪಿಕ್ಸೆಲ್ಲಿನ ಪಾಲಿಗೆ ಆಕಾಶದ ಎಷ್ಟು ಅಗಲ ಬರುತ್ತದೆ?

ಲೆಕ್ಕ ಸುಲಭ, ಬೇಕಾದರೆ ಬರೆದುಕೊಳ್ಳಿ. ಪಿಕ್ಸೆಲ್ಲಿನ ಅಳತೆ ಮೈಕ್ರಾನಿನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ, ಎಷ್ಟಿದೆ ನೋಡಿ. ಅದನ್ನು 206ರಿಂದ ಗುಣಿಸಿ, ದೂರದರ್ಶಕದ ಫೋಕಲ್ ಲೆಂತ್, ಅಂದರೆ ಬೆಳಕು ಒಂದೆಡೆ ಸೇರಲು ಬೇಕಾಗುವ ದೂರ, ಎಷ್ಟು ಮಿಲಿಮೀಟರೋ ಅಷ್ಟರಿಂದ ಭಾಗಿಸಿ. ಉತ್ತರ ವಿಕಲೆಗಳಲ್ಲಿ ಬರುತ್ತದೆ. ಒಂದು ಡಿಗ್ರಿಗೆ 60 ಕಲೆ, ಒಂದು ಕಲೆಗೆ 60 ವಿಕಲೆ; ಪಂಚಾಂಗದವರ ಲೆಕ್ಕವೇ. ಹುಣ್ಣಿಮೆ ಚಂದ್ರನ ಅಗಲ ಹೆಚ್ಚುಕಡಿಮೆ 1800 ವಿಕಲೆ.

ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್ಪಿಗೆ ಸಂವೇದಕ ಎನ್ನುತ್ತಾರೆ. ಈಗ ಬಹಳ ಬಳಕೆಯಲ್ಲಿರುವ ಒಂದು ಸಂವೇದಕದ ಪಿಕ್ಸೆಲ್ 3.76 ಮೈಕ್ರಾನ್. ಅದನ್ನು 480 ಮಿಲಿಮೀಟರ್ ಫೋಕಲ್ ಲೆಂತಿನ ಪುಟ್ಟ ದೂರದರ್ಶಕಕ್ಕೆ ಜೋಡಿಸಿದರೆ ಪಿಕ್ಸೆಲ್ಲಿಗೆ 1.6 ವಿಕಲೆ. ಅದೇ ಕ್ಯಾಮೆರಾವನ್ನು 8 ಇಂಚು ಅಗಲದ ಬಾಯಿಯ, 2000 ಮಿಲಿಮೀಟರ್ ಫೋಕಲ್ ಲೆಂತಿನ ದೂರದರ್ಶಕಕ್ಕೆ ಹಾಕಿದರೆ 0.39 ವಿಕಲೆ. ಎರಡನೆಯದರಲ್ಲಿ ನಾಲ್ಕು ಪಟ್ಟು ಸೂಕ್ಷ್ಮ ವಿವರ ಸಿಗುತ್ತದೆ ಅನ್ನಿಸುತ್ತದೆ, ಅಲ್ಲವೇ? ಸಿಗುವುದಿಲ್ಲ. ನಡುವೆ ಗಾಳಿ ಇದೆಯಲ್ಲ!

ನಕ್ಷತ್ರದ ಬೆಳಕು ವಾತಾವರಣವನ್ನು ದಾಟಿ ಬರುವಾಗ ನಡುಗುತ್ತದೆ. ಕೆಲವು ನಿಮಿಷ ಎಕ್ಸ್‌ಪೋಷರ್ ಕೊಟ್ಟರೆ ಆ ನಡುಕವೆಲ್ಲ ಕಲೆತು, ಬಿಂದುವಾಗಿರಬೇಕಾದ ನಕ್ಷತ್ರ ಒಂದು ಬಿಲ್ಲೆಯಾಗುತ್ತದೆ. ನಮ್ಮ ಟೆರೇಸುಗಳ ಮೇಲೆ ಆ ಬಿಲ್ಲೆ 3 ವಿಕಲೆ ಅಗಲವಿದ್ದರೆ ಆಶ್ಚರ್ಯವಿಲ್ಲ. ಹಗಲೆಲ್ಲ ಕಾದ ಕಾಂಕ್ರೀಟು, ಕೆಳಗಿನ ಮನೆಗಳ ಏಸಿಗಳು ಉಗುಳುವ ಬಿಸಿಗಾಳಿ, ಎಲ್ಲವೂ ಅದನ್ನು ಹಿಗ್ಗಿಸುತ್ತವೆ. ಮಧ್ಯರಾತ್ರಿ ಕಳೆದ ಮೇಲೆ ಸ್ವಲ್ಪ ವಾಸಿ. ಪುಣೆಯಾಚೆ, ಜುನ್ನರ್ ಹತ್ತಿರದ ಗಿರಾವಲಿಯಲ್ಲಿ ಅಯುಕಾ ಎಂಬ ಖಗೋಳ ಸಂಶೋಧನಾ ಸಂಸ್ಥೆಯ, 2 ಮೀಟರ್ ಅಗಲದ ಕನ್ನಡಿಯ ದೂರದರ್ಶಕವಿದೆ. ಬರೀ ಕನ್ನಡಿಯ ಅಗಲವನ್ನು ಲೆಕ್ಕ ಹಾಕಿದರೆ ಅದು 0.07 ವಿಕಲೆಯಷ್ಟು ಸೂಕ್ಷ್ಮವನ್ನು ಬಿಡಿಸಿ ತೋರಿಸಬೇಕು. ಗಾಳಿ ಅದಕ್ಕೂ ಬಿಡುವುದಿಲ್ಲ.

ಹಾಗಾದರೆ 3 ವಿಕಲೆಯ ಬಿಲ್ಲೆಗೆ ಎಷ್ಟು ಪಿಕ್ಸೆಲ್ ಸಾಕು? ಟೆಲಿಗ್ರಾಫ್ ತಂತಿಯ ಮೇಲೆ ಸಂಕೇತ ಕಳಿಸುವ ಬಗ್ಗೆ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಬರೆದ ವಿಚಾರದಿಂದ ಬೆಳೆದ ನಿಯಮವೊಂದು ಇಲ್ಲಿ ನೆರವಿಗೆ ಬರುತ್ತದೆ. ಅದನ್ನು ಹವ್ಯಾಸಿಗಳು ಹೀಗೆ ಬಳಸುತ್ತಾರೆ: ನಕ್ಷತ್ರದ ಹೊಳಪು ನಡುವಿನ ಶಿಖರದಿಂದ ಅರ್ಧಕ್ಕೆ ಇಳಿಯುವಲ್ಲಿ ಅದರ ಅಗಲ ಎಷ್ಟಿದೆಯೋ, ಆ ಅಗಲದೊಳಗೆ ಎರಡರಿಂದ ಮೂರು ಪಿಕ್ಸೆಲ್ ಇರಬೇಕು. ರಂಗೋಲಿಯ ಚುಕ್ಕಿಗಳಂತೆ ಇದು. ಚುಕ್ಕಿಗಳು ತೀರಾ ದೂರವಾದರೆ ಎಳೆ ಎಲ್ಲಿ ಬಳುಕಬೇಕೆಂದೇ ತಿಳಿಯದು. ಒತ್ತೊತ್ತಾಗಿ ಇಟ್ಟರೆ ಕೈ ನೋಯುತ್ತದೆ, ಚಿತ್ತಾರವೇನೂ ಹೆಚ್ಚು ಚೆಂದವಾಗುವುದಿಲ್ಲ. ಪುಟ್ಟ ದೂರದರ್ಶಕದಲ್ಲಿ ನಕ್ಷತ್ರಕ್ಕೆ ಎರಡು ಪಿಕ್ಸೆಲ್ಲಿಗೆ ಕೂದಲೆಳೆ ಕಡಿಮೆ, ನಡೆಯುತ್ತದೆ. 8 ಇಂಚಿನದರಲ್ಲಿ ಸುಮಾರು ಎಂಟು ಪಿಕ್ಸೆಲ್. ಇದ್ದ ಬೆಳಕನ್ನು ಸುಮ್ಮನೆ ತೆಳ್ಳಗೆ ಹರಡಿದಂತಾಯಿತು.

ಬಿನ್ನಿಂಗ್ ಬರುವುದು ಇಲ್ಲಿ. ಅಕ್ಕಪಕ್ಕದ, ಮೇಲೆ ಕೆಳಗಿನ ನಾಲ್ಕು ಪಿಕ್ಸೆಲ್‌ಗಳನ್ನು ಕೂಡಿಸಿ ಒಂದು ಮಾಡುವುದು. 0.39 ಇದ್ದದ್ದು 0.78 ಆಗುತ್ತದೆ, 52 ಎಂಬಿಯ ಫೈಲು 13 ಎಂಬಿಗೆ ಇಳಿಯುತ್ತದೆ. ನಿಮ್ಮ ಕೈಯಲ್ಲಿರುವ 48 ಮೆಗಾಪಿಕ್ಸೆಲ್ ಫೋನು ರಾತ್ರಿ 12 ಮೆಗಾಪಿಕ್ಸೆಲ್ಲಿನ ಚಿತ್ರ ಕೊಡುವುದೂ ಇದೇ ದಾರಿಯಿಂದ.

ಆದರೆ ಹಳೆಯ ಪುಸ್ತಕಗಳಲ್ಲಿ ಬಿನ್ನಿಂಗ್ ಬಗ್ಗೆ ಬರೆದದ್ದನ್ನು ಇಂದಿನ ಕ್ಯಾಮೆರಾಗಳಿಗೆ ಹಾಗೆಯೇ ಅನ್ವಯಿಸಬೇಡಿ. ಅವು ಬಹುತೇಕ ಸಿಸಿಡಿ ಎಂಬ ಹಳೆಯ ಬಗೆಯ ಸಂವೇದಕದ ಕಾಲದವು. 1969ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ, ಅವರಿಗೆ 2009ರ ನೊಬೆಲ್ ತಂದ ಸಾಧನ ಅದು. ಅದರಲ್ಲಿ ನಾಲ್ಕು ಪಿಕ್ಸೆಲ್‌ಗಳ ವಿದ್ಯುದಂಶ ಚಿಪ್ಪಿನೊಳಗೇ ಒಂದಾಗಿ, ಆಮೇಲೆ ಒಂದೇ ಸಲ ಓದಲ್ಪಡುತ್ತದೆ. ಓದುವಾಗ ಸೇರುವ ಗದ್ದಲ, ಅಂದರೆ ರೀಡ್ ನಾಯ್ಸ್, ಒಂದೇ ಸಲದ್ದು. ಈಗ ಬರುವ, ಸಿಮಾಸ್ ಎಂಬ ಬೇರೆ ಬಗೆಯ ಸಂವೇದಕದ ಕ್ಯಾಮೆರಾಗಳು ಸಾಮಾನ್ಯವಾಗಿ ನಾಲ್ಕನ್ನೂ ಬೇರೆಬೇರೆಯಾಗಿ ಓದಿ ಕೊನೆಗೆ ಅಂಕಿಗಳನ್ನು ಕೂಡಿಸುತ್ತವೆ. ನಾಲ್ಕು ಸಲದ ಗದ್ದಲವೂ ಒಳಗೆ ಬರುತ್ತದೆ. ಗದ್ದಲ ಕೂಡುವುದು ವರ್ಗಮೂಲದ ಲೆಕ್ಕದಲ್ಲಾದ್ದರಿಂದ ಒಟ್ಟು ಎರಡು ಪಟ್ಟಾಗುತ್ತದೆ. ಬೆಳಕು ನಾಲ್ಕು ಪಟ್ಟು, ಗದ್ದಲ ಎರಡು ಪಟ್ಟು. ಲಾಭ ಇದೆ, ಸಿಸಿಡಿಯಷ್ಟಿಲ್ಲ.

ಇದನ್ನು ಕೇಳಿ ಸಿಸಿಡಿ ಹುಡುಕಲು ಹೊರಡಬೇಡಿ. ಮುಂಬಯಿಯ ಆಕಾಶ ಆ ವ್ಯತ್ಯಾಸವನ್ನೇ ನುಂಗಿಬಿಡುತ್ತದೆ. ಪಿಕ್ಸೆಲ್ಲಿಗೆ ಬಿದ್ದ ಬೆಳಕನ್ನು ಅದು ಎಬ್ಬಿಸಿದ ಎಲೆಕ್ಟ್ರಾನ್‌ಗಳಲ್ಲಿ ಎಣಿಸುತ್ತಾರೆ. ದೀಪಗಳಿಂದ ಬೆಳಗಿದ ಆಕಾಶವೇ ಒಂದು ಪಿಕ್ಸೆಲ್ಲಿಗೆ 400 ಎಲೆಕ್ಟ್ರಾನ್ ತುಂಬಿತು ಎಂದುಕೊಳ್ಳಿ. ಬೆಳಕು ಕಣಕಣವಾಗಿ ಬೀಳುವುದರಿಂದ ಅದರ ಏರುಪೇರು ವರ್ಗಮೂಲದಷ್ಟು, ಅಂದರೆ 20. ಕ್ಯಾಮೆರಾದ ಸ್ವಂತ ಗದ್ದಲ 2 ಇದ್ದರೆ, ವರ್ಗ ಮಾಡಿ ಕೂಡಿಸಿದಾಗ 404. ಅದರ ವರ್ಗಮೂಲ 20.1. ಆ 2 ಎಲ್ಲಿ ಹೋಯಿತೋ! ಇಂಥ ಆಕಾಶದ ಕೆಳಗೆ ಕ್ಯಾಮೆರಾದಲ್ಲೇ ಕೂಡಿಸಿದರೂ, ಆಮೇಲೆ ಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಕೂಡಿಸಿದರೂ ಹೆಚ್ಚುಕಡಿಮೆ ಒಂದೇ. ಹಾಗಿದ್ದ ಮೇಲೆ ಮನೆಯಲ್ಲೇ ಕೂಡಿಸುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಅಪರೂಪಕ್ಕೆ ಗಾಳಿ ಶಾಂತವಾಗಿ ನಕ್ಷತ್ರಗಳು ಚೂಪಾಗಿ ಬಂದ ರಾತ್ರಿಯಲ್ಲಿ ಮೂಲ ಫೈಲು ಕೈಯಲ್ಲಿರುತ್ತದೆ. ಟೆರೇಸಿನಲ್ಲೇ ಕೂಡಿಸಿಬಿಟ್ಟರೆ ಬಿಡಿಸಲಾಗದು. ಫೋಕಸ್ ಮಾಡುವಾಗ, ಚೌಕಟ್ಟು ಹೊಂದಿಸುವಾಗ ಮಾತ್ರ ಧಾರಾಳವಾಗಿ ಬಿನ್ ಮಾಡಿ. ಚಿತ್ರ ಬೇಗ ಬರುತ್ತದೆ.

ಕರ್ಜತ್ ಲೈನಿನಲ್ಲಿ ವಾಂಗಣಿಗೋ ಇನ್ನೂ ದೂರ ಭಂಡಾರದರಾಕ್ಕೋ ಹೋದರೆ ಆಕಾಶ ಕಪ್ಪಾಗುತ್ತದೆ, ಕ್ಯಾಮೆರಾದ ಗದ್ದಲ ಮತ್ತೆ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಒಂದೊಂದು ಎಕ್ಸ್‌ಪೋಷರನ್ನೂ ಉದ್ದ ಮಾಡುವುದು ಬಿನ್ನಿಂಗಿಗಿಂತ ಒಳ್ಳೆಯ ಮದ್ದು.

ರಂಗೋಲಿಯ ಚುಕ್ಕಿಗಳು ದೂರವಾದ ತೊಂದರೆಗೂ, ಅಂದರೆ ನಕ್ಷತ್ರಕ್ಕೆ ಪಿಕ್ಸೆಲ್ ಸಾಲದಾದಾಗಲೂ, ಉಪಾಯವಿದೆ. 50 ಮಿಲಿಮೀಟರ್ ಲೆನ್ಸಿನಲ್ಲಿ ಪಿಕ್ಸೆಲ್ಲಿಗೆ 15 ವಿಕಲೆಗೂ ಹೆಚ್ಚು. ದೊಡ್ಡದು ಮಾಡಿ ನೋಡಿದರೆ ನಕ್ಷತ್ರ ಚೌಕಾಕಾರ. ಪ್ರತಿ ಚಿತ್ರಕ್ಕೂ ಕ್ಯಾಮೆರಾವನ್ನು ತುಸುವೇ ಸರಿಸಿ, ಹತ್ತಾರು ಚಿತ್ರಗಳನ್ನು ಇನ್ನೂ ಸಣ್ಣ ಚೌಕಗಳ ಮೇಲೆ ಹರಡಿ ಸೇರಿಸುವ ಈ ವಿಧಾನಕ್ಕೆ ಡ್ರಿಜ಼ಲ್ ಎನ್ನುತ್ತಾರೆ. 1995ರಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕ ತೆಗೆದ, ಬಹುದೂರದ ಗ್ಯಾಲಕ್ಸಿಗಳ ಡೀಪ್ ಫೀಲ್ಡ್ ಚಿತ್ರಕ್ಕಾಗಿ ಹುಟ್ಟಿದ ಉಪಾಯ ಇದು. ಇಂದು ಉಚಿತ ತಂತ್ರಾಂಶಗಳಲ್ಲೂ ಸಿಗುತ್ತದೆ.

ಗ್ರಹಗಳಿಗೆ ಮಾತ್ರ ಈ ಲೆಕ್ಕ ಹಿಡಿಯಬೇಡಿ. ಗುರು, ಶನಿಗಳನ್ನು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಚಿಕ್ಕ ಎಕ್ಸ್‌ಪೋಷರಿನಲ್ಲಿ, ವಿಡಿಯೊದಂತೆ ಸಾವಿರಾರು ಚೌಕಟ್ಟುಗಳಾಗಿ ಹಿಡಿಯುತ್ತಾರೆ. ಅವುಗಳಲ್ಲಿ ಗಾಳಿ ಕ್ಷಣಕಾಲ ಸ್ತಬ್ಧವಾದಾಗಿನವನ್ನಷ್ಟೇ ಆರಿಸಿಕೊಳ್ಳುವುದರಿಂದ ಸಣ್ಣ ಪಿಕ್ಸೆಲ್ ಅಲ್ಲಿ ದಂಡವಲ್ಲ. ಫೋಕಲ್ ಲೆಂತನ್ನು ದೂರದರ್ಶಕದ ಬಾಯಿಯ ಅಗಲದಿಂದ ಭಾಗಿಸಿದರೆ ಬರುವುದು ಎಫ್ ಸಂಖ್ಯೆ. ಪಿಕ್ಸೆಲ್ 2.9 ಮೈಕ್ರಾನ್ ಇದ್ದರೆ ಆ ಸಂಖ್ಯೆ ಅದರ ಐದು ಪಟ್ಟು, ಅಂದರೆ ಎಫ್-15ರ ಸುಮಾರಿಗೆ ಬರುವಂತೆ ಬಾರ್ಲೋ, ಅಂದರೆ ಫೋಕಲ್ ಲೆಂತ್ ಹಿಗ್ಗಿಸುವ ಲೆನ್ಸು, ಹಾಕಿ, ಬಿನ್ನಿಂಗ್ ಆಫ್ ಮಾಡಿ.

ನಮಸ್ಕಾರ.