2,14,74,83,647: ಸೋಜಿಗ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಸಂಖ್ಯೆಯ ಮಾತು. 2,14,74,83,647. ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆ. 2ರ 31ನೇ ಘಾತದಲ್ಲಿ 1 ಕಳೆದರೆ ಸಿಗುವುದು ಇದೇ. ಪ್ರೋಗ್ರಾಂ ಬರೆಯುವವರಿಗೆ ಹಳೇ ಪರಿಚಯ: ಬಿಟ್ ಅಂದರೆ 0 ಅಥವಾ 1 ಹಿಡಿಸುವ ಒಂದು ಮನೆ; 32 ಬಿಟ್‌ನಲ್ಲಿ ಒಂದನ್ನು ಪ್ಲಸ್, ಮೈನಸ್ ಗುರುತಿಗೆ ಬಿಟ್ಟರೆ, ಉಳಿದದ್ದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ.

ಇದು ಅವಿಭಾಜ್ಯ ಸಂಖ್ಯೆ ಕೂಡ. ಕಂಪ್ಯೂಟರಿನ ಮಿತಿಯೇ ಅವಿಭಾಜ್ಯ, ಎಂಥ ಮಾಯೆ ಅಂತ ಕೆಲವರು ಬೆರಗಾಗುತ್ತಾರೆ. ನನಗಂತೂ ಹಾಗನ್ನಿಸುವುದಿಲ್ಲ. 16 ಬಿಟ್‌ನ ಮಿತಿ 32,767. ಅದು 7, 31, 151 ಇವುಗಳ ಗುಣಲಬ್ಧ. 64 ಬಿಟ್‌ನ ಮಿತಿಯನ್ನೂ 7 ಆರಾಮಾಗಿ ಭಾಗಿಸುತ್ತದೆ. ಹಾಗಾಗಿ ಇದು ಸುಮ್ನೆ ಕಾಕತಾಳೀಯ.

ನಿಜವಾದ ಸೋಜಿಗ 1772ರದ್ದು. ಇದು ಅವಿಭಾಜ್ಯ ಅಂತ ಗಣಿತಜ್ಞ ಆಯ್ಲರ್ ತೋರಿಸಿಕೊಟ್ಟ ವರ್ಷ. ಆ ಹೊತ್ತಿಗೆ ಅವರ ಕಣ್ಣು ಹೆಚ್ಚುಕಮ್ಮಿ ಹೋಗಿಯೇ ಬಿಟ್ಟಿತ್ತು. ಮಾಮೂಲಿ ದಾರಿಯಲ್ಲಿ ಹೋದರೆ ಇದರ ವರ್ಗಮೂಲದ ತನಕ, ಅಂದರೆ 46,340ರವರೆಗಿನ ಒಂದೊಂದೂ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿ ನೋಡಬೇಕು. ಅಂಥವು ನಾಲ್ಕು ಸಾವಿರಕ್ಕೂ ಜಾಸ್ತಿ ಇವೆ! ಆದರೆ ಈ ಸಂಖ್ಯೆಗೆ ಒಂದು ಗುಣ ಇದೆ. ಇದನ್ನು ಯಾವುದಾದರೂ ಅವಿಭಾಜ್ಯ ಸಂಖ್ಯೆ ಭಾಗಿಸುವುದಾದರೆ, ಆ ಭಾಜಕವನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು. ಬೇರೆ ಯಾವುದಕ್ಕೂ ಒಳಗೆ ಪ್ರವೇಶವೇ ಇಲ್ಲ. ಎಣಿಸಿದರೆ ಉಳಿಯುವುದು 373 ಸಂಖ್ಯೆಗಳು. ಅದರಲ್ಲೂ 63, 249ರಂಥವು ತಾವೇ ಅವಿಭಾಜ್ಯ ಅಲ್ಲ, ಅವನ್ನೂ ಬಿಡಬಹುದು. ಲೆಕ್ಕ ಮಾಡುವುದಕ್ಕಿಂತ, ಯಾವ ಲೆಕ್ಕ ಬೇಡ ಅಂತ ಕಂಡುಕೊಳ್ಳುವುದೇ ದೊಡ್ಡ ಕೆಲಸ, ಅಲ್ವಾ?

1811ರಲ್ಲಿ ಪೀಟರ್ ಬಾರ್ಲೋ ಅನ್ನುವ ಗಣಿತಜ್ಞ ಒಂದು ಭವಿಷ್ಯ ನುಡಿದರು. ಈ ಸಂಖ್ಯೆಯಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದನ್ನು ಬಹುಶಃ ಯಾರೂ ಹುಡುಕಲಿಕ್ಕಿಲ್ಲ, ಇವು ಬರೀ ಕುತೂಹಲದ ವಸ್ತು, ಉಪಯೋಗ ಇಲ್ಲ ಅಂತ. ಪರಿಪೂರ್ಣ ಅಂದರೆ 6ರ ಥರ: ಭಾಜಕಗಳಾದ 1, 2, 3 ಕೂಡಿದರೆ ಮತ್ತೆ 6. ಪಾಪ ಬಾರ್ಲೋ. 2ರ ಘಾತದಲ್ಲಿ 1 ಕಳೆದಾಗ ಸಿಗುವ ಇಂಥ ಒಂದೊಂದು ಅವಿಭಾಜ್ಯದಿಂದಲೂ ಒಂದು ಪರಿಪೂರ್ಣ ಸಂಖ್ಯೆ ಹುಟ್ಟುತ್ತದೆ; 2024ರ ಅಕ್ಟೋಬರಿನಲ್ಲಿ ಸಿಕ್ಕ ಇದೇ ಜಾತಿಯ ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. ಅದರಿಂದ ಏನು ಉಪಯೋಗ ಅಂತ ಕೇಳಿದರೆ, ನಾನು ಬಾರ್ಲೋ ಪಕ್ಷವೇ. ದಾಖಲೆ ಅನ್ನುವುದು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಕಾಣುವುದಿಲ್ಲ.

ಕೆಲಸಕ್ಕೆ ಬಂದದ್ದು ಅದರ ಮುಂದೆ ಪುಟಾಣಿಯಾದ, ಬರೀ ಹತ್ತು ಅಂಕಿಯ ನಮ್ಮ ಸಂಖ್ಯೆ. 1969ರಲ್ಲಿ ಐಬಿಎಂ ಕಂಪನಿಯ ಕಂಪ್ಯೂಟರುಗಳಿಗೆ, ಮುಂದಿನದು ಯಾವುದೆಂದು ಊಹಿಸಲಾಗದಂತೆ ಕಾಣುವ ರ‍್ಯಾಂಡಮ್ ಸಂಖ್ಯೆ ಹುಟ್ಟಿಸುವ ಒಂದು ವಿಧಾನ ಬಂತು. ಒಂದು ಸಂಖ್ಯೆ ತಗೊಂಡು 16,807ರಿಂದ ಗುಣಿಸಿ. 2,14,74,83,647ರಿಂದ ಭಾಗಿಸಿ. ಶೇಷ ಇಟ್ಟುಕೊಳ್ಳಿ. ಅದನ್ನೇ ಮತ್ತೆ ಗುಣಿಸಿ. ಅಷ್ಟೇ. ಭಾಗಿಸುವ ಸಂಖ್ಯೆ ಅವಿಭಾಜ್ಯ, 16,807 ಕೂಡ ನೋಡಿ ಆರಿಸಿದ್ದು. ಅದಕ್ಕೇ ಇದು ಅರ್ಧ ದಾರಿಯಲ್ಲಿ ಸುತ್ತು ಹೊಡೆಯುವುದಿಲ್ಲ. 1ರಿಂದ ಶುರು ಮಾಡಿ: 16,807. ಆಮೇಲೆ 28,24,75,249. ಆಮೇಲೆ 1,62,26,50,073. ಹೀಗೇ ಹೋಗುತ್ತದೆ. ನಮ್ಮ ಸಂಖ್ಯೆಗಿಂತ ಚಿಕ್ಕದಾದ ಉಳಿದ ಎಲ್ಲ ಸಂಖ್ಯೆಗಳೂ ಒಂದೊಂದು ಸಲ ಬಂದು ಮುಗಿಯುವ ತನಕ 1 ಮತ್ತೆ ಮುಖ ತೋರಿಸುವುದಿಲ್ಲ.