ಮಿನಿ ಟ್ರ್ಯಾಕ್ಟರ್‌ನ ಹೊಟ್ಟೆ ಕಾಯೋದು ಹೇಗೆ? ಅಡಿಗೆ ಪ್ಲೇಟ್ ಹಾಕಿಸೋ ಮುಂಚೆ ಇದನ್ನು ನೋಡಿ

(ದೃಶ್ಯ: ಹತ್ತಿ ಮುಗಿದ ಎರೆ ಹೊಲ. ಕ್ಯಾಮೆರಾ ನೆಲದ ಮೇಲೆ. ಮಿನಿ ಟ್ರ್ಯಾಕ್ಟರ್ ನಿಧಾನಕ್ಕೆ ಹತ್ತಿರ ಬರುತ್ತದೆ.)

ನಮಸ್ಕಾರ ಅಣ್ಣಾರೇ, ಅಕ್ಕಾರೇ. ಇವತ್ತು ಟ್ರ್ಯಾಕ್ಟರನ್ನು ಕೆಳಗಿನಿಂದ ನೋಡೋಣ. ಶೋರೂಮಿಗೆ ಹೋದಾಗ ಎಚ್‌ಪಿ ಕೇಳುತ್ತೇವೆ, ಟೈರ್ ನೋಡುತ್ತೇವೆ, ಮೈಲೇಜ್ ವಿಚಾರಿಸುತ್ತೇವೆ. ಬಗ್ಗಿ ಹೊಟ್ಟೆ ನೋಡುವವರು ಕಡಿಮೆ. ಹೊಲಕ್ಕೆ ಬಂದ ಮೇಲೆ ಪೆಟ್ಟು ಬೀಳೋದು ಮಾತ್ರ ಅಲ್ಲೇ.

ದೊಡ್ಡ ಟ್ರ್ಯಾಕ್ಟರ್‌ಗಿಂತ ಮಿನಿ ನೆಲಕ್ಕೆ ಹತ್ತಿರ. ಹೊಟ್ಟೆಗೂ ನೆಲಕ್ಕೂ ಹೆಚ್ಚುಕಡಿಮೆ ಒಂದಡಿ. ಕೆಸರಲ್ಲಿ ಗಾಲಿ ಇಳಿದರೆ ಅಷ್ಟೂ ಇರಲ್ಲ. ಅಲ್ಲಿ ಏನೇನಿದೆ ನೋಡಿ. ಎಂಜಿನ್ ಆಯಿಲ್ ಚೇಂಬರ್, ಅದರ ಆಯಿಲ್ ಇಳಿಸೋ ಡ್ರೈನ್ ಬೋಲ್ಟ್, ಕ್ಲಚ್ ಮತ್ತು ಬ್ರೇಕ್ ರಾಡ್, ಹೈಡ್ರಾಲಿಕ್ ಪೈಪು, ವೈರು. ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಆಕ್ಸೆಲ್‌ಗೆ ಹೋಗುವ ಶಾಫ್ಟ್ ಕೂಡ.

(ದೃಶ್ಯ: ಒಂದು ಹತ್ತಿ ಕೂಳೆ, ತೀರಾ ಹತ್ತಿರದಿಂದ.)

ರಾಯಚೂರು, ಸಿಂಧನೂರು ಕಡೆ ಮೊದಲ ಶತ್ರು ಇದೇ. ಹತ್ತಿ ಗಿಡದ ಕಟ್ಟಿಗೆ ಕಡಿಯುವಾಗ ಕುಡುಗೋಲು ಓರೆಯಾಗಿ ಬೀಳುತ್ತದೆ, ಹಾಗಾಗಿ ತುದಿ ಮೊನೆಯಾಗುತ್ತದೆ. ಗೇಣುದ್ದ ಉಳಿದ ಈ ಕೂಳೆ ಬಿಸಿಲಿಗೆ ಒಣಗಿದರೆ ಗೂಟ ಹೊಡೆದಂತೆ ನಿಲ್ಲುತ್ತದೆ. ತೊಗರಿಯದ್ದೂ ಹಾಗೇ. ಟ್ರ್ಯಾಕ್ಟರ್ ಮೇಲೆ ಬಂದಾಗ ಬಾಗುತ್ತದೆ, ಹೊಟ್ಟೆಯ ಅಡಿ ಚಿಮ್ಮಿ ಏಳುತ್ತದೆ. ಏಳುವಾಗ ವೈರಿಗೆ ಸಿಕ್ಕಿತು ಅಂದ್ರೆ ವೈರು ಹೋಯಿತು. ಟೈರಿನ ಪಕ್ಕಕ್ಕೆ ಚುಚ್ಚಿದರೆ ಪಂಚರ್ ಹಾಕಿಸಿದರೂ ಸರಿಹೋಗಲ್ಲ. ಅದಕ್ಕೇ ಕಟ್ಟಿಗೆ ಕಡಿಸುವಾಗಲೇ ಕೂಲಿಯವರಿಗೆ ನೆಲಸಮ ಕಡಿಯೋಕೆ ಹೇಳಿ. ಕೂಳೆ ಪುಡಿ ಮಾಡೋ ಶ್ರೆಡ್ಡರ್ ಬಾಡಿಗೆಗೆ ಸಿಕ್ಕರೆ ಮೊದಲು ಅದನ್ನು ಹೊಡೆಸಿ, ಆಮೇಲೆ ಮಿನಿ ಇಳಿಸಿ. ಒಂದು ದಿನದ ಬಾಡಿಗೆ ಉಳಿಸೋಕೆ ಹೋಗಿ ಟೈರ್ ಕಳೆದುಕೊಳ್ಳೋದು ಬೇಡ.

ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತೋಟಗಳಲ್ಲಿ ಕಾಟ ಬೇರೆ. ಅಲ್ಲಿ ಡ್ರಿಪ್ ಪೈಪು, ಗಿಡಕ್ಕೆ ಕಟ್ಟಿದ ದಾರ, ತಂತಿ. ಹಂದಿ ಬರದಿರಲಿ ಅಂತ ಹೊಲದ ಸುತ್ತ ಕಟ್ಟಿದ ಹಳೇ ಸೀರೆ ಬೇರೆ. ಇವು ತಿರುಗುವ ಆಕ್ಸೆಲ್‌ಗೆ, ಮಣ್ಣು ಪುಡಿ ಮಾಡೋ ರೋಟಾವೇಟರ್‌ನ ಶಾಫ್ಟ್‌ಗೆ ಸುತ್ತಿಕೊಳ್ಳುತ್ತವೆ. ಸುತ್ತಿ ಸುತ್ತಿ ಬಿಗಿಯಾಗಿ, ಆಯಿಲ್ ಸೋರದಂತೆ ತಡೆಯೋ ಆಯಿಲ್ ಸೀಲ್ ಒಳಗೆ ನುಗ್ಗಿ ಕೊಯ್ಯುತ್ತವೆ. ಮೇಲೆ ಕೂತವರಿಗೆ ಏನೂ ಗೊತ್ತಾಗಲ್ಲ. ಆಯಿಲ್ ಹನಿಹನಿಯಾಗಿ ಹೋಗಿ ಗೇರ್ ಸದ್ದು ಮಾಡಿದಾಗಲೇ ಎಚ್ಚರ. ಸಂಜೆ ಎಂಜಿನ್ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡು, ಚಾಕು ತಗೊಂಡು ಒಂದು ಸುತ್ತು ನೋಡಿ. ದಾರದ ತುಂಡು ಕಂಡರೂ ಕೊಯ್ದು ತೆಗೆಯಿರಿ.

(ದೃಶ್ಯ: ಬೆಳಿಗ್ಗೆ ಟ್ರ್ಯಾಕ್ಟರ್ ನಿಂತ ಜಾಗ. ನೆಲದ ಮೇಲೆ ಎಣ್ಣೆಯ ಕಲೆ.)

ಬೆಳಿಗ್ಗೆ ಗಾಡಿ ತೆಗೆದ ಜಾಗವನ್ನು ನೋಡೋ ರೂಢಿ ಮಾಡಿಕೊಳ್ಳಿ. ಕಪ್ಪು ಕಲೆ ಇದ್ದರೆ ಹೆಚ್ಚಾಗಿ ಎಂಜಿನ್ ಆಯಿಲ್. ಜೇನಿನ ಬಣ್ಣ ಇದ್ದರೆ ಗೇರ್ ಅಥವಾ ಹೈಡ್ರಾಲಿಕ್ ಆಯಿಲ್. ಹಸಿರೋ ಗುಲಾಬಿಯೋ ಇದ್ದರೆ ರೇಡಿಯೇಟರ್ ನೀರು. ಗಂಗಾವತಿ, ಕಾರಟಗಿ ಕಡೆ ಭತ್ತದ ಗದ್ದೆಯಲ್ಲಿ ನೀರು ನಿಲ್ಲಿಸಿ ರೊಳ್ಳೆ (ಕೆಸರು) ಹೊಡೆಯುವವರು ಮುಂದಿನ ಆಕ್ಸೆಲ್‌ನ ಆಯಿಲ್ ಕೂಡ ನೋಡಿ. ಅದು ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ಸೀಲ್ ದಾಟಿ ನೀರು ಒಳಗೆ ಹೋಗಿದೆ. ಆಯಿಲ್ ಬದಲಿಸಿ, ಸೀಲ್ ಹಾಕಿಸಿ, ಮುಂದಿನ ಸೀಸನ್‌ವರೆಗೂ ಕಾಯಬೇಡಿ. ಎರೆ ಮಣ್ಣು ಒಣಗಿದರೆ ಕಲ್ಲೇ, ಹಾಗಾಗಿ ಅದೇ ದಿನ ತೊಳೆಯಿರಿ. ಪ್ರೆಶರ್ ನೀರನ್ನು ಸೀಲ್‌ಗೆ, ವೈರಿಗೆ ನೇರ ಹೊಡೆಯಬೇಡಿ. ತೊಳೆದ ಮೇಲೆ ಗ್ರೀಸ್ ಹೊಡೆಯಿರಿ.

ಈಗ ಪ್ಲೇಟಿನ ವಿಚಾರ. ಹೊಟ್ಟೆಯ ಅಡಿಗೆ ತಗಡು ಹಾಕಿಸಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಕೂಳೆ, ಕಲ್ಲು ಜಾಸ್ತಿ ಇರುವ ಹೊಲದಲ್ಲಿ ಓಡಿಸುವವರು ಹಾಕಿಸಿ, ಒಳ್ಳೆಯದೇ. ಬರೀ ಗದ್ದೆ ಕೆಲಸದವರಿಗೆ ನಾನು ಹೇಳಲ್ಲ. ತಗಡಿನ ಮೇಲೆ ಕೆಸರು ಕೂತು ಭಾರ ಹೆಚ್ಚುತ್ತದೆ ಅಷ್ಟೇ.

ಹಾಕಿಸುವಾಗ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎಂಜಿನ್‌ಗೆ, ಗೇರ್‌ಬಾಕ್ಸ್‌ಗೆ ವೆಲ್ಡಿಂಗ್ ಮಾಡಿಸಬೇಡಿ. ಅದು ಬೀಡು ಕಬ್ಬಿಣ, ಬಿಸಿಗೆ ಬಿರುಕು ಬಿಡುತ್ತದೆ. ಕಂಪನಿಯವರೇ ಬಿಟ್ಟಿರುವ ಬೋಲ್ಟ್ ತೂತುಗಳಿಗೆ ಕ್ಲ್ಯಾಂಪ್ ಹಾಕಿ ಕೂರಿಸಿ. ಹೊಸ ತೂತು ಕೊರೆಯಬೇಕಾದರೆ ವಾರಂಟಿ ಹೋಗುತ್ತದಾ ಅಂತ ಮೊದಲು ಡೀಲರ್ ಹತ್ತಿರ ಕೇಳಿ. ತಗಡು ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನೋ ಲೆಕ್ಕವೂ ಬೇಡ. ಎರಡಡಿ ಉದ್ದ, ಎರಡಡಿ ಅಗಲದ 5 ಮಿ.ಮೀ. ಕಬ್ಬಿಣದ ತಗಡೇ ಸುಮಾರು 15 ಕಿಲೋ ತೂಗುತ್ತದೆ. ಡ್ರೈನ್ ಬೋಲ್ಟ್ ಎದುರಿಗೆ ಪಾನಾ ಹೋಗುವಷ್ಟು ತೂತು ಇರಲಿ. ಮಣ್ಣು ಉದುರೋಕೆ ಇನ್ನೂ ನಾಲ್ಕೈದು ತೂತು ಬಿಡಿಸಿ. ಮುಂದಿನ ಆಕ್ಸೆಲ್ ಉಬ್ಬುತಗ್ಗಿನಲ್ಲಿ ಎಡಬಲಕ್ಕೆ ವಾಲುತ್ತದೆ, ವಾಲಿದಾಗ ತಗಡಿಗೆ ತಾಗಬಾರದು. ಮುಂದಿನ ಅಂಚು ಸ್ವಲ್ಪ ಮೇಲಕ್ಕೆ ಬಾಗಿರಲಿ, ಇಲ್ಲಾಂದ್ರೆ ಅದೇ ಮಣ್ಣು ಕೆರೆಯುತ್ತಾ ಹೋಗುತ್ತದೆ.

ಇನ್ನೊಂದು ಅಪಾಯ. ತಗಡು ಮತ್ತು ಎಂಜಿನ್ ನಡುವೆ ಒಣ ಎಲೆ, ಹತ್ತಿ, ಹುಲ್ಲು ತುಂಬಿಕೊಳ್ಳುತ್ತದೆ. ಅಲ್ಲಿಗೆ ಆಯಿಲ್ ಹನಿದು, ಪಕ್ಕದಲ್ಲೇ ಸೈಲೆನ್ಸರ್ ಕಾದಿದ್ದರೆ ಬೆಂಕಿಗೆ ಇನ್ನೇನು ಬೇಕು? ಸೋರಿಕೆ ನೆಲಕ್ಕೆ ಬೀಳದೆ ತಗಡಿನ ಮೇಲೇ ನಿಲ್ಲೋದರಿಂದ ಕಣ್ಣಿಗೂ ಕಾಣಲ್ಲ. ಬಿಚ್ಚೋಕೆ ಸುಲಭ ಆಗೋ ಹಾಗೆ ನಾಲ್ಕೇ ಬೋಲ್ಟ್ ಇಡಿ, ವಾರಕ್ಕೊಮ್ಮೆ ಬಿಚ್ಚಿ ನೋಡಿ. ಬಿಚ್ಚಿ ನೋಡೋಕೆ ಆಗಲ್ಲ ಅನ್ನುವವರು ದಯವಿಟ್ಟು ಹಾಕಿಸಲೇಬೇಡಿ.

(ದೃಶ್ಯ: ಡ್ಯಾಶ್‌ಬೋರ್ಡ್. ಆಯಿಲ್ ಪ್ರೆಶರ್ ದೀಪ ಕೆಂಪಗೆ.)

ಎಷ್ಟು ಗಟ್ಟಿ ತಗಡು ಹಾಕಿದರೂ ಓಡಿಸುವ ಕೈ ಸರಿ ಇರಬೇಕು. ಎಂಜಿನ್ ಓಡುವಾಗ ಈ ದೀಪ ಹತ್ತಿತು ಅಂದ್ರೆ ಅಲ್ಲೇ ಆಫ್ ಮಾಡಿ. "ಊರು ಇಲ್ಲೇ ಇದೆ, ಹೋಗಿಬಿಡೋಣ" ಅಂದುಕೊಂಡರೆ ಎಂಜಿನ್ ಹಿಡಿದುಬಿಡುತ್ತದೆ. ಒಡ್ಡು ದಾಟುವಾಗ ಹೊಟ್ಟೆ ಕೂರುತ್ತದೆ ಅನಿಸಿದರೆ ಇಳಿದು ಸಲಿಕೆಯಿಂದ ಎರಡೂ ಕಡೆ ಇಳಿಜಾರು ಮಾಡಿ. ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಡ್ರೈವ್ ಆಫ್ ಮಾಡಿ, ಎಡ ಬಲದ ಎರಡೂ ಬ್ರೇಕ್ ಪೆಡಲ್‌ಗಳನ್ನು ಸೇರಿಸಿ ಲಾಕ್ ಹಾಕಿ. ಹಿಂದೆ ಟ್ರಾಲಿ ಇದ್ದು ಒಂದೇ ಕಡೆ ಬ್ರೇಕ್ ಬಿದ್ದರೆ ಗಾಡಿ ಪಲ್ಟಿ. ಹೊಟ್ಟೆ ನೋಡೋಕೆ ಬಗ್ಗುವ ಮುಂಚೆ ರೋಟಾವೇಟರ್ ನೆಲಕ್ಕೆ ಇಳಿಸಿ. ಎತ್ತಿ ನಿಲ್ಲಿಸಿದ ಉಪಕರಣದ ಅಡಿ ತಲೆ ಹಾಕಬಾರದು, ಹೈಡ್ರಾಲಿಕ್ ಯಾವಾಗ ಬೇಕಾದರೂ ಕೈಕೊಡಬಹುದು. ರೋಟಾವೇಟರ್ ತಿರುಗಿಸೋ ಹಿಂದಿನ ಶಾಫ್ಟ್, ಅಂದ್ರೆ ಪಿಟಿಒ, ನಿಮಿಷಕ್ಕೆ 540 ಸುತ್ತು, ಅಂದ್ರೆ ಸೆಕೆಂಡಿಗೆ 9. ಟವೆಲ್ ತುದಿ, ಲುಂಗಿ, ಸೆರಗು ಸಿಕ್ಕರೆ ಬಿಡಿಸಿಕೊಳ್ಳೋಕೆ ಸಮಯವೇ ಇರಲ್ಲ. ಅದರ ಕವರ್ ಬಿಚ್ಚಿಟ್ಟು ಓಡಿಸೋದನ್ನು ಇವತ್ತೇ ಬಿಡಿ.

ಎಲ್ಲಕ್ಕಿಂತ ನನಗೆ ಭಯ ಇರೋದು ಗದ್ದೆಯಲ್ಲಿ ಗಾಲಿ ಹೂತಾಗ ಮಾಡುವ ಒಂದು ಕೆಲಸದ ಬಗ್ಗೆ. ಹಿಂದಿನ ಗಾಲಿಗಳಿಗೆ ಮರದ ತುಂಡು ಕಟ್ಟಿ ಆಕ್ಸಿಲೇಟರ್ ಒತ್ತುತ್ತಾರೆ. ತುಂಡು ಕೆಸರಿಗೆ ಕಚ್ಚಿ ಗಾಲಿ ತಿರುಗದೆ ನಿಂತರೆ ಆ ಶಕ್ತಿ ಎಲ್ಲಿಗೆ ಹೋಗಬೇಕು? ಮುಂದಿನ ಭಾಗ ಮೇಲೇಳುತ್ತದೆ. ಗಾಡಿ ಹಿಂದಕ್ಕೆ ಮಗುಚಿ ಓಡಿಸುವವನ ಮೇಲೆ ಬೀಳೋಕೆ ಒಂದೆರಡು ಸೆಕೆಂಡ್ ಸಾಕು. ಕ್ಲಚ್ ಒತ್ತೋಕೂ ಪುರುಸೊತ್ತು ಸಿಗಲ್ಲ.

ಹೂತರೆ ಎಂಜಿನ್ ಆಫ್ ಮಾಡಿ. ಉಪಕರಣ ಬಿಚ್ಚಿ. ಗಾಲಿಯ ಹಿಂದಿನ ಕೆಸರು ತೆಗೆದು ನಿಧಾನಕ್ಕೆ ರಿವರ್ಸ್ ಬನ್ನಿ. ಆಗದಿದ್ದರೆ ಗಟ್ಟಿ ನೆಲದ ಮೇಲೆ ನಿಂತ ಇನ್ನೊಂದು ಟ್ರ್ಯಾಕ್ಟರ್ ತರಿಸಿ. ಎಳೆಯುವ ಗಾಡಿಯಲ್ಲಿ ಸರಪಳಿ ಹಿಂದೆ ಕೆಳಗಿರುವ ಎಳೆಯೋ ಪಟ್ಟಿ, ಅಂದ್ರೆ ಡ್ರಾಬಾರ್‌ಗೇ ಬೀಳಬೇಕು, ಉಪಕರಣ ಜೋಡಿಸೋ ಮೇಲಿನ ಟಾಪ್ ಲಿಂಕ್‌ಗೆ ಕಟ್ಟಿದರೆ ಅದೂ ಹಿಂದಕ್ಕೆ ಏಳುತ್ತದೆ. ಎಳೆಯುವಾಗ ಹುಡುಗರನ್ನು ದೂರ ಕಳಿಸಿ, ಸರಪಳಿ ಕಡಿದರೆ ಅದರ ಉದ್ದದಷ್ಟು ದೂರ ಬೀಸುತ್ತದೆ.