ಮಂಗಳವಾರದ ಬೆಂಚು

ನಮಸ್ಕಾರ. ನನ್ನ ಗೆಳೆಯನೊಬ್ಬ ಹೊಸನಗರ ತಾಲ್ಲೂಕಿನ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕ. ಒಂದು ವರ್ಷದಿಂದ ಅವನಿಗೆ ಸರಿಯಾಗಿ ನಿದ್ದೆಯಿಲ್ಲ. ತರಗತಿಗೆ ಹೋಗುವ ಮುನ್ನ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರಿ ಸೀಮೆಸುಣ್ಣ ಒದ್ದೆಯಾಗುತ್ತದೆ. ಈಗ ಮನೋವೈದ್ಯರ ಬಳಿ ಚಿಕಿತ್ಸೆ ಪಡೆಯುತ್ತಿದ್ದಾನೆ. ಶಿವಮೊಗ್ಗದಲ್ಲಿ ಅಲ್ಲ, ಶಿವಮೊಗ್ಗ ದಾಟಿ ದಾವಣಗೆರೆಗೆ ಹೋಗುತ್ತಾನೆ. ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ ಹಳೆಯ ಅಡಿಕೆ ಡಬ್ಬಿಯಲ್ಲಿ ಹಾಕಿಟ್ಟುಕೊಂಡಿದ್ದಾನೆ. ಯಾರಾದರೂ ಕೇಳಿದರೆ ಗ್ಯಾಸ್ಟ್ರಿಕ್.

ಇಂಥವರನ್ನು ಕಂಡಾಗ ‘ಜನರಿಗೆ ಅರಿವಿಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಡಾ. ಅಶೋಕ್ ಪೈ ಅವರಂಥ ಮನೋವೈದ್ಯರು ದಶಕಗಟ್ಟಲೆ ಇದೇ ಶಿವಮೊಗ್ಗದಲ್ಲಿದ್ದು ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ತಿಳಿಹೇಳಿದ್ದಾರೆ. ನನ್ನ ಗೆಳೆಯನಿಗೆ ಅರಿವಿದೆ. ಲೆಕ್ಕಾಚಾರವೂ ಇದೆ. ಅತಿಥಿ ಶಿಕ್ಷಕನನ್ನು ಯಾರೂ ಕೆಲಸದಿಂದ ತೆಗೆದುಹಾಕಬೇಕಿಲ್ಲ. ಬರುವ ಜೂನ್‌ನಲ್ಲಿ ಕರೆಯದಿದ್ದರೆ ಸಾಕು. ಆಗ ಯಾವ ಕಾಗದ ಹಿಡಿದು ಯಾರ ಹತ್ತಿರ ನ್ಯಾಯ ಕೇಳುವುದು?

ಕಾನೂನು ಇಲ್ಲದೆ ಇಲ್ಲ. ರೋಗಿಯ ವಿವರವನ್ನು ಗೋಪ್ಯವಾಗಿಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ವೈದ್ಯರು ಬಾಯಿ ಬಿಡುವುದಿಲ್ಲ ಎಂದೇ ಇಟ್ಟುಕೊಳ್ಳೋಣ. ರಜೆ ಅರ್ಜಿಗೆ ಲಗತ್ತಿಸುವ ಪ್ರಮಾಣಪತ್ರದ ನೆತ್ತಿಯ ಮೇಲೇ ‘ಮನೋವೈದ್ಯರು’ ಎಂದು ಅಚ್ಚಾಗಿದ್ದರೆ? ಅದು ಮುಖ್ಯೋಪಾಧ್ಯಾಯರ ಮೇಜಿಗೆ ಬರುವಷ್ಟರಲ್ಲಿ ಸಿಬ್ಬಂದಿ ಕೊಠಡಿಯಲ್ಲಿ ಚಹಾ ಜೊತೆ ಸುದ್ದಿಯೂ ಒಂದು ಸುತ್ತು ಬಂದಿರುತ್ತದೆ.

ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ಒಳ್ಳೆಯ ಕೆಲಸ, ಎಷ್ಟೋ ಮನೆಗಳಿಗೆ ಬಸ್ಸಿನ ಖರ್ಚು ಉಳಿದಿದೆ. ಆದರೆ ಮಲೆನಾಡಿನ ಸಣ್ಣ ಪೇಟೆಯಲ್ಲಿ ಮಂಗಳವಾರ ಆ ಬಾಗಿಲ ಮುಂದಿನ ಬೆಂಚಿನಲ್ಲಿ ಕುಳಿತವರನ್ನು ‘ಏನು ತೊಂದರೆ’ ಎಂದು ಯಾರೂ ಕೇಳಬೇಕಾಗಿಲ್ಲ. ಒಮ್ಮೆ ಇವನೂ ಹೋಗಿದ್ದನಂತೆ. ಐದನೇ ತರಗತಿಯ ಹುಡುಗಿಯೊಬ್ಬಳು ಅಮ್ಮನ ಕೈ ಹಿಡಿದು ಹೋಗುತ್ತಿದ್ದವಳು ನಿಂತು, ‘ನಮಸ್ತೆ ಸಾರ್’ ಎಂದಳು. ಚೀಟಿಯನ್ನು ಮಡಚಿ ಜೇಬಿಗಿಟ್ಟು ಎದ್ದು ಬಂದವನು ಮತ್ತೆ ಆ ಕಡೆ ಹೋಗಿಲ್ಲ.

ಮಂಗನ ಕಾಯಿಲೆಗೆ ಈ ಕಾಟವಿಲ್ಲ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಜ್ವರ ಅದು, ಜೀವ ತೆಗೆಯುವಂಥದ್ದು. ಅದರಿಂದ ಎದ್ದು ಬಂದವರಿಗೆ ‘ಇನ್ನು ನಾಲ್ಕು ದಿನ ಸುಧಾರಿಸಿಕೊಳ್ಳಿ’ ಎನ್ನುತ್ತೇವೆ. ‘ಇವನ ಕೈಗೆ ಮಕ್ಕಳನ್ನು ಕೊಡಬಹುದೇ’ ಎಂದು ಯಾರೂ ಕೇಳುವುದಿಲ್ಲ.

ಈಗಲೇ ಮಾತನಾಡಬೇಕು ಎನ್ನಿಸುವವರಿಗೆ ಟೆಲಿ ಮಾನಸ್ ಇದೆ, ಸಂಖ್ಯೆ 14416. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು, ಬೆಂಚಿನ ಮೇಲೆ ಕೂರಬೇಕಿಲ್ಲ.

ಆದರೆ ಧೈರ್ಯದ ಪಾಠವನ್ನೆಲ್ಲ ರೋಗಿಗೇ ಹೇಳುವುದನ್ನು ನಾನು ಒಪ್ಪುವುದಿಲ್ಲ. ಶಾಲೆ, ಬ್ಯಾಂಕು, ಸೊಸೈಟಿಗಳ ಮುಖ್ಯಸ್ಥರೇ, ‘ಇವರಿಗೆ ಹತ್ತು ದಿನ ವಿಶ್ರಾಂತಿ ಬೇಕು’ ಎಂದು ವೈದ್ಯರು ಬರೆದುಕೊಟ್ಟರೆ ಅಷ್ಟನ್ನೇ ಓದಿ ಸಹಿ ಹಾಕಿ. ಯಾವ ವೈದ್ಯರು, ಯಾವ ಕಾಯಿಲೆ ಎಂದು ಕೆದಕಬೇಡಿ.

ನನ್ನ ಗೆಳೆಯ ಇದುವರೆಗೆ ಎರಡು ಮದುವೆ, ಒಂದು ಗೃಹಪ್ರವೇಶದ ಹೆಸರಿನಲ್ಲಿ ದಾವಣಗೆರೆಗೆ ಹೋಗಿಬಂದಿದ್ದಾನೆ. ಬರುವ ತಿಂಗಳು ಆಷಾಢ. ಏನು ನೆಪ ಹೇಳಲಿ ಎಂದು ನಿನ್ನೆ ಫೋನ್ ಮಾಡಿ ಕೇಳುತ್ತಿದ್ದ.